ಸತ್ತ ಕೊಟ್ರಯ್ಯನ ಸೀಟು

ಡ್ರೈವರ್ ಕೊಟ್ರಯ್ಯ ಸತ್ತು ಹನ್ನೊಂದು ವರ್ಷವಾಗಿತ್ತು. ಆದರೂ ಅವನು ವಾರ ವಾರವೂ ಹೊಸಪೇಟೆಯಿಂದ ಬೊಂಬಾಯಿಗೆ ಬಾಳೆಗೊನೆ ಹೊತ್ತುಕೊಂಡು ಹೋಗಿ ಬರುತ್ತಿದ್ದ. ಸಾಹುಕಾರ ತೋಟಪ್ಪನ ಲಾರಿ ಕಂಪನಿಯಲ್ಲಿ ಈ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಗಾಡಿ ಓಡಿಸುತ್ತಿದ್ದವನು ಮಾದಿಗರ ಹುಲುಗಪ್ಪ. ನಿದ್ದೆಗೆಟ್ಟ ಕಣ್ಣು ಅವನದು. ಇಂಜಿನ್ನಿನ ಕಾವಿಗೆ ಕೂದಲು ಉದುರಿಹೋದ ಎಡಗಾಲು ಅವನದು. ಮೂಲವ್ಯಾಧಿ ಅವನದು. ಹೆಸರು ಮಾತ್ರ ಕೊಟ್ರಯ್ಯನದು.

ಇದು ಆದದ್ದು ಹೀಗೆ. ತುಂಗಭದ್ರೆಗೆ ಡ್ಯಾಮು ಕಟ್ಟಿ ಕಾಲುವೆ ಹರಿಸಿದ ಮೇಲೆ ಹೊಸಪೇಟೆಯ ಸುತ್ತಲ ಜೋಳದ ಹೊಲಗಳು ಬಾಳೆತೋಟಗಳಾದವು, ಕಬ್ಬಿನ ಗದ್ದೆಗಳಾದವು. ಎರಡು ಎತ್ತಿನ ಬಂಡಿ ಇದ್ದ ತೋಟಪ್ಪ ಒಂದು ಬೆಂಜ್ ಲಾರಿ ಕೊಂಡ. ಅದಕ್ಕೆ ಮೊದಲ ಡ್ರೈವರ್ ಆಗಿ ಬಂದವನು ಪೂಜೆ ಮಾಡಿಸುವ ಅಯ್ಯನವರ ಮನೆತನದ ಕೊಟ್ರಯ್ಯ. ಅವನ ಕಾಲ್ಗುಣ ಅಂದರು. ಒಂದು ಲಾರಿ ಏಳಾಯಿತು. ಬಂಡಿಯ ತೋಟಪ್ಪ ಸಾಹುಕಾರ ತೋಟಪ್ಪನಾದ. ಆಮೇಲೆ ಕೊಟ್ರಯ್ಯ ಹೊಟ್ಟೆಬೇನೆ ಬಂದು ಸತ್ತ. ಅವನ ಗಾಡಿ ಹತ್ತಿದ ಇಬ್ಬರು ಒಬ್ಬನ ಹಿಂದೊಬ್ಬ ಅದನ್ನು ಪಲ್ಟಿ ಹೊಡೆಸಿದರು. ಒಬ್ಬ ಕೈ ಮುರಿದುಕೊಂಡ. ಇನ್ನೊಬ್ಬ ಮನೆಗೆ ಹೋಗಿ ಕುರಿ ಸಾಕಿದ.

ತೋಟಪ್ಪ ಶಾಸ್ತ್ರ ಕೇಳಿಸಿದ. ಶಾಸ್ತ್ರದವನು ಕವಡೆ ಹಾಕಿ ನೋಡಿ ಹೇಳಿದ: ಕೊಟ್ರಯ್ಯ ಇನ್ನೂ ಗಾಡಿ ಇಳಿದಿಲ್ಲ, ಇಳಿಸಲೂ ಬೇಡ. ಆ ಸೀಟಿನಲ್ಲಿ ಯಾರೇ ಕೂತರೂ ಕೊಟ್ರಯ್ಯನಾಗಿಯೇ ಕೂರಬೇಕು.

ಸತ್ತವನಾಗಿ ಕೂರಲು ಕಂಪನಿಯ ಯಾವ ಡ್ರೈವರೂ ಒಪ್ಪಲಿಲ್ಲ. ಆಗ ಸಿಕ್ಕವನು ಹುಲುಗಪ್ಪ. ಸಂಡೂರಿನ ಗುಡ್ಡದಲ್ಲಿ ಅದಿರು ಲಾರಿ ಓಡಿಸಿ, ಕೆಂಪು ಧೂಳು ಕೆಮ್ಮಿ, ಕೆಲಸ ಕಳೆದುಕೊಂಡು ಬಂದಿದ್ದ. ದೆವ್ವಕ್ಕಿಂತ ಹಸಿವಿಗೆ ಹೆಚ್ಚು ಹೆದರಿದ ಮನುಷ್ಯ. ತೋಟಪ್ಪ ಅವನನ್ನು ಶೆಡ್ಡಿನ ಗೇಟಿನ ಹೊರಗೇ ನಿಲ್ಲಿಸಿ ಕಾನೂನು ಹೇಳಿದ.

"ನೋಡಲೇ, ಫುಟ್‌ಬೋರ್ಡಿನ ಮ್ಯಾಲೆ ಕಾಲಿಟ್ಟಿ ಅಂದ್ರ ನೀ ಕೊಟ್ರಯ್ಯ. ನೆಲಕ್ಕ ಕಾಲಿಟ್ಟಿ ಅಂದ್ರ ಹುಲುಗ್ಯಾ. ತಿಳೀತಿಲ್ಲೋ?"

"ತಿಳೀತ್ರಿ. ಪಗಾರ ಯಾರಿಗ್ರಿ?"

"ಪಗಾರ ನೆಲದ ಮ್ಯಾಲೆ ಕೊಡ್ತೀವಿ."

ಅಂದರೆ ಹುಲುಗ್ಯಾನ ಪಗಾರ. ಕೊಟ್ರಯ್ಯನ ದುಡಿತ.

ನಗಬೇಡಿ. ನಗುವಂಥದ್ದು ಮುಂದೆ ಬಹಳ ಇದೆ.

ಶೆಡ್ಡಿನಲ್ಲಿ ಚಹಾ ಕಾಸುವ ಶಾಂತಕ್ಕ ಈ ಕಾನೂನಿನಲ್ಲಿ ಬಲು ಕಟ್ಟುನಿಟ್ಟು. ಸೀಟಿನ ಮೇಲೆ ಕೂತ ಕೊಟ್ರಯ್ಯನಿಗೆ ಗಾಜಿನ ಗ್ಲಾಸು, ಬಸಿ ತಟ್ಟೆ ಸಮೇತ. ನೆಲದ ಮೇಲೆ ನಿಂತ ಹುಲುಗ್ಯಾನಿಗೆ ಬೇವಿನ ಮರಕ್ಕೆ ಸಿಕ್ಕಿಸಿದ ಸೊಟ್ಟ ಲೋಟ, ಅದಕ್ಕೆ ಮೇಲಿಂದ ಸುರಿಯುವುದು. ಹೀಗಾಗಿ ಹುಲುಗಪ್ಪ ಚಹಾದ ಹೊತ್ತಿಗೆ ಗಾಡಿ ಹತ್ತಿ ಕೂರುತ್ತಿದ್ದ, ಕುಡಿದು ಇಳಿಯುತ್ತಿದ್ದ. ಒಂದು ದಿನ ಹತ್ತುವಾಗ ಸೊಂಟ ಹಿಡಿದುಕೊಂಡಿತು. ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಒಂದು ಕಾಲು ನೆಲದ ಮೇಲೆ. ಮೇಲೂ ಹೋಗಲಾರ, ಕೆಳಗೂ ಬರಲಾರ. ಶಾಂತಕ್ಕ ಚಹಾದ ಕೆಟಲಿ ಹಿಡಿದು ನಿಂತಳು.

"ಲೇ, ಹತ್ತಿದ್ರ ಹತ್ತು, ಇಳಿದ್ರ ಇಳಿ. ಹಿಂಗ ನಿಂತ್ರ ನಾ ಯಾದ್ರಾಗ ಹಾಕ್ಲಿ?"

"ಸೊಂಟ ಹಿಡಿದೈತೆಕ್ಕಾ. ಅರ್ಧ ಗ್ಲಾಸಿನ್ಯಾಗ ಕೊಡು, ಅರ್ಧ ಲೋಟದಾಗ ಹಾಕು."

ಅವನು ಚೇಷ್ಟೆಗೆ ಅಂದ. ಅವಳು ಚೇಷ್ಟೆಯೆಂದು ಕೇಳಿಸಿಕೊಳ್ಳಲಿಲ್ಲ. ಕೆಟಲಿ ಕೆಳಗಿಟ್ಟು ಸಾಹುಕಾರನ ಹತ್ತಿರ ಹೋದಳು. ಬಹಳ ಹೊತ್ತಿನ ಮೇಲೆ ಬಂದಳು.

"ಇಂಜಿನ್ ಚಾಲೂ ಇದ್ರ ಗ್ಲಾಸು, ಬಂದ್ ಇದ್ರ ಲೋಟ ಅಂದ್ರು."

ಇಂಜಿನ್ ಬಂದ್ ಇತ್ತು. ಚಹಾ ಆರಿತ್ತು. ಲೋಟ ಮರದ ಮೇಲಿತ್ತು. ಹುಲುಗಪ್ಪ ಸೊಂಟ ಹಿಡಿದುಕೊಂಡು ಹಾಗೇ ನಿಂತಿದ್ದ.

ರಸ್ತೆಯ ಮೇಲೂ ಇದೇ ಕಾನೂನು. ಅದನ್ನು ಕಾಯಲಿಕ್ಕೆಂದೇ ತೋಟಪ್ಪ ತನ್ನ ದೂರದ ಅಳಿಯ ಗಾದಿಲಿಂಗಪ್ಪನನ್ನು ಕ್ಲೀನರ್ ಎಂದು ಕಳಿಸುತ್ತಿದ್ದ. ಐವತ್ತು ದಾಟಿದ ಕ್ಲೀನರ್. ಗಾಡಿ ತೊಳೆದವನಲ್ಲ, ಟೈರು ಮುಟ್ಟಿದವನಲ್ಲ. ಸ್ಟೇರಿಂಗಿನ ಮುಂದೆ ತೂಗುಹಾಕಿದ ದೇವರ ಫೋಟೋಕ್ಕೆ ಬೆಳಗ್ಗೆ ಹೂವು ಏರಿಸುವುದು ಅವನ ಕೆಲಸ. ಹುಲುಗಪ್ಪ ಆ ಫೋಟೋ ಮುಟ್ಟುವಂತಿರಲಿಲ್ಲ. ಕೊಟ್ರಯ್ಯ ಮುಟ್ಟಬಹುದಿತ್ತು, ಆದರೆ ಕೈ ಹುಲುಗ್ಯಾನದಲ್ಲವೇ ಎಂಬ ಅನುಮಾನ ಸಾಹುಕಾರನಿಗೆ. ಹೂವು ಏರಿಸಿ ಮುಗಿದ ಮೇಲೆ ಗಾದಿಲಿಂಗಪ್ಪ ಮಲಗುತ್ತಿದ್ದ. ಗದಗಿನಲ್ಲಿ ಕಣ್ಣು ಮುಚ್ಚಿದರೆ ಕೊಲ್ಹಾಪುರದಲ್ಲಿ ತೆರೆಯುತ್ತಿದ್ದ.

ಪಂಕ್ಚರ್ ಆದರೆ ಗಾಡಿ ನಿಲ್ಲಿಸುವವನು ಕೊಟ್ರಯ್ಯ. ಇಳಿಯುವವನು ಹುಲುಗ್ಯಾ. ಬಿಸಿ ಡಾಂಬರಿನ ಮೇಲೆ ಅಂಗಾತ ಮಲಗಿ ಜಾಕ್ ಕೊಡುವವನು ಹುಲುಗ್ಯಾ. ಎದೆಯ ಮೇಲೆ ಟೈರು ಉರುಳಿಸಿಕೊಂಡು, ನಟ್ಟಿನ ಪಾನಾದ ಮೇಲೆ ಎರಡೂ ಕಾಲಿಟ್ಟು ಕುಣಿದು ಬಿಗಿ ಮಾಡುವವನು ಹುಲುಗ್ಯಾ. ಎಲ್ಲ ಮುಗಿದ ಮೇಲೆ ಗಾಡಿ ಹತ್ತಿದರೆ ಗಾದಿಲಿಂಗಪ್ಪ ಒಂದೇ ಕಣ್ಣು ತೆರೆದು, "ಕೊಟ್ರಯ್ಯ, ಭಾಳ ಹೊತ್ತು ಎಲ್ಲಿ ಹೋಗಿದ್ದಿ?" ಅನ್ನುತ್ತಿದ್ದ.

"ನಾ ಎಲ್ಲಿಗೂ ಹೋಗಿಲ್ಲ ಗಾದಿಲಿಂಗಣ್ಣ. ಹುಲುಗ್ಯಾ ಟೈರು ಹಾಕ್ತಿದ್ದ, ನೋಡ್ಕೊಂತ ಕುಂತಿದ್ದೆ."

"ಛಲೋ ಹಾಕ್ಯಾನಿಲ್ಲೋ?"

"ಮಾದಿಗ್ರ ಮಂದಿ, ಹೆಂಗ ಹಾಕ್ಯಾನೋ ಏನೋ."

ಇಬ್ಬರೂ ನಗುತ್ತಿದ್ದರು. ಗಾದಿಲಿಂಗಪ್ಪ ಕೆಟ್ಟವನಲ್ಲ. ಊಟದ ಹೋಟೆಲ್ಲು ಬಂದರೆ ತಾನು ಒಳಗೆ ಕೂತು ಉಂಡು, ಕೊಟ್ರಯ್ಯನಿಗೆ ಕ್ಯಾಬಿನ್ನಿಗೇ ರೊಟ್ಟಿ ಪಲ್ಯ ತಂದುಕೊಡುತ್ತಿದ್ದ. ಕೆಳಗೆ ಇಳಿದು ಉಂಡರೆ ಹುಲುಗ್ಯಾ ಆಗುತ್ತಾನೆ, ಹುಲುಗ್ಯಾನಿಗೆ ಹೋಟೆಲ್ಲಿನವನು ಏನನ್ನುತ್ತಾನೋ ಎಂಬ ಕಾಳಜಿ. ಬೊಂಬಾಯಿಯಲ್ಲಿ ಹುಲುಗಪ್ಪನ ಜಾತಿ ಯಾರಿಗೂ ಗೊತ್ತಿಲ್ಲ. ಅಲ್ಲಿಯೂ ಇಳಿಸುತ್ತಿರಲಿಲ್ಲ. ಹೀಗೆ ಹುಲುಗಪ್ಪ ಆ ದೊಡ್ಡ ಶಹರವನ್ನು ನೂರಾರು ಸಲ ನೋಡಿದ್ದ, ಕಿಟಕಿಯಿಂದ.

ಊರಿಗೆ ಬಂದ ಬೆಳಗ್ಗೆ ಅವನ ಬೆರಳುಗಳು ಬಿಚ್ಚುತ್ತಿರಲಿಲ್ಲ. ಸ್ಟೇರಿಂಗ್ ಹಿಡಿದ ಹಾಗೇ ಬಾಗಿ ಬಿಟ್ಟಿರುತ್ತಿದ್ದವು. ಹೆಂಡತಿ ಭರಮಮ್ಮ ಕಬ್ಬು ಕಡಿಯಲು ಹೋಗುವ ಮುಂಚೆ ಬಿಸಿನೀರು ಸುರಿದು ಒಂದೊಂದೇ ಬೆರಳು ಬಿಡಿಸುತ್ತಿದ್ದಳು. ಮೂಲೆಯಲ್ಲಿ ಕೂತ ಅಪ್ಪ ಉಚ್ಚೆಂಗಪ್ಪ ನೋಡಿ ಅನ್ನುತ್ತಿದ್ದ: "ನನಗೂ ಹಿಂಗ ಆಗಿತ್ತು. ಕಾಲುವಿ ತೋಡುವಾಗ. ಪುಟ್ಟಿ ಹೊತ್ತು ಹೊತ್ತು ಕುತ್ತಿಗೀನ ತಿರುಗ್ತಿದ್ದಿಲ್ಲ."

ಕಾಲುವೆ ತೋಡಿದವನು ಉಚ್ಚೆಂಗಪ್ಪ. ನೀರು ಹೋದದ್ದು ತೋಟಪ್ಪನ ಬಾಳೆಗೆ. ತೋಡಿ ಹಾಕಿದ ಮಣ್ಣು ಮಾತ್ರ ಕೇರಿಗೆ ಉಳಿದಿತ್ತು. ಕಾಲುವೆಯಿಂದ ಇಳಿದರೆ ಕೇರಿ, ಕೇರಿಯ ಆಚೆ ತುದಿಗೆ ಆ ಮಣ್ಣಿನ ದಿಬ್ಬ, ದಿಬ್ಬದ ಬುಡದಲ್ಲಿ ಕೇರಿಯವರ ಹೆಣ ಹೂಳುವ ಜಾಗ. ಆ ದಿಬ್ಬ ತೋರಿಸಿ ಮುದುಕ ಹೇಳುತ್ತಿದ್ದ, "ಅದರಾಗ ಅರ್ಧ ನನ್ನ ತಲಿ ಮ್ಯಾಲಿಂದು."

ಮುದುಕ ಸತ್ತದ್ದು ಎರಡು ವರ್ಷದ ಹಿಂದೆ, ಒಂದು ಬೆಳಗ್ಗೆ. ಶೆಡ್ಡಿನಲ್ಲಿ ಗೊನೆ ತುಂಬಿ, ಬಾಳೆ ಎಲೆ ಮುಚ್ಚಿ, ಹಗ್ಗ ಬಿಗಿದು, ಹುಲುಗಪ್ಪ ಗಾಡಿ ಚಾಲೂ ಮಾಡಿದ್ದ. ಭರಮಮ್ಮ ಓಡಿಬಂದು ಗೇಟಿನ ಹೊರಗೆ ನಿಂತು ಬಾಯಿ ಬಡಿದುಕೊಂಡಳು. ಹುಲುಗಪ್ಪ ಸೀಟಿನಿಂದಲೇ ಕೇಳಿದ. ತೋಟಪ್ಪ ಗಾಡಿಯ ಹತ್ತಿರ ಬಂದ.

"ಏನಾತಪ್ಪ?"

"ನಮ್ಮಪ್ಪ ಹೋದ್ನಂತ್ರಿ. ಮಣ್ಣಿಗೆ ಹೋಗಬೇಕ್ರಿ. ನಾ ಒಬ್ಬನಾ ಮಗ. ಮೊದಲ ಹಿಡಿ ಮಣ್ಣು ನಾನಾ ಹಾಕಬೇಕು."

ತೋಟಪ್ಪ ಸ್ವಲ್ಪ ಹೊತ್ತು ಯೋಚಿಸಿದ. ನಿಜವಾಗಿ ಯೋಚಿಸಿದ.

"ಸತ್ತದ್ದು ಹುಲುಗ್ಯಾನ ಅಪ್ಪ ಅಲ್ಲೇನು? ಗಾಡಿ ಮ್ಯಾಲೆ ಕುಂತಾಂವ ಕೊಟ್ರಯ್ಯ. ಕೊಟ್ರಯ್ಯನ ಅಪ್ಪ ಸತ್ತು ಯಾವ ಕಾಲ ಆತು. ಹುಲುಗ್ಯಾ ಹೋಗ್ಲಿ, ಅಳ್ಲಿ, ಬ್ಯಾಡಂದೋರ್ಯಾರು? ಕೊಟ್ರಯ್ಯ ಲೋಡು ಒಯ್ಲಿ."

"ಇಳೀತೀನ್ರಿ."

"ಇಳಿ. ಇಳಿದ ಮ್ಯಾಲೆ ನೀ ಹುಲುಗ್ಯಾ. ಹುಲುಗ್ಯಾಗ ನಮ್ಮ ಕಂಪನ್ಯಾಗ ಯಾವ ಕೆಲಸಾನೂ ಇಲ್ಲ. ನಾಳಿಂದ ಬರಬ್ಯಾಡ."

ಇಂಜಿನ್ ನಡುಗುತ್ತಿತ್ತು. ಹುಲುಗಪ್ಪನ ಕಾಲು ಕ್ಲಚ್ಚಿನ ಮೇಲಿತ್ತು. ಮನೆಯಲ್ಲಿ ಎರಡು ಹೊಟ್ಟೆ. ಅವನು ಭರಮಮ್ಮನ ಮುಖ ನೋಡಲಿಲ್ಲ. ಗೇರು ಹಾಕಿದ.

ಮುನಿರಾಬಾದಿನ ಸೇತುವೆ ದಾಟುವ ಹೊತ್ತಿಗೆ ರಸ್ತೆ ಕಾಣುತ್ತಿರಲಿಲ್ಲ. ಕಣ್ಣೀರು ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಗಾದಿಲಿಂಗಪ್ಪ ತನ್ನ ಟವೆಲ್ಲಿನಿಂದ ಅವನ ಮುಖ ಒರೆಸಿದ. ಒರೆಸುತ್ತ ಹೇಳಿದ, "ಅಳಬ್ಯಾಡೋ ಕೊಟ್ರಯ್ಯ. ನಿಮ್ಮಪ್ಪ ಸತ್ತು ಭಾಳ ದಿನ ಆತು."

ಅವನು ಅದನ್ನು ಸಮಾಧಾನಕ್ಕೇ ಹೇಳಿದ. ಅದೇ ಹೆಚ್ಚು ಸುಟ್ಟಿತು.

ಮೊದಲ ಹಿಡಿ ಮಣ್ಣು ಹಾಕಿದವಳು ಭರಮಮ್ಮ. ಗಂಡಸರ ಕೆಲಸ ಹೆಂಗಸು ಮಾಡಿದಳೆಂದು ಕೇರಿಯ ಹಿರಿಯರು ಗೊಣಗಿದರು. ಹುಲುಗಪ್ಪ ವಾಪಸು ಬಂದಾಗ ಅಪ್ಪನ ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅವನು ಮಣ್ಣು ಮುಟ್ಟಲಿಲ್ಲ. ಮುಟ್ಟಲು ತಾನು ಯಾರೆಂದು ಅವನಿಗೇ ಖಾತ್ರಿಯಿರಲಿಲ್ಲ.

ಆಮೇಲೆ ಕಂಪನಿಗೆ ಇಪ್ಪತ್ತೈದು ವರ್ಷ ತುಂಬಿತು. ಮಹಾನವಮಿಯ ಆಯುಧಪೂಜೆಯ ದಿನವೇ ಶೆಡ್ಡಿನಲ್ಲಿ ದೊಡ್ಡ ಸಮಾರಂಭ ಎಂದರು. ಬಳ್ಳಾರಿಯಿಂದ ದೊಡ್ಡ ಮನುಷ್ಯರೊಬ್ಬರು ಬಂದು ಕೊಟ್ರಯ್ಯನಿಗೆ ಶಾಲು ಹೊದಿಸುತ್ತಾರೆ. ಎಂದೂ ಗಾಡಿಗೆ ಗೀರು ಬೀಳಿಸದ, ಎಂದೂ ರಜೆ ಕೇಳದ ಡ್ರೈವರ್.

ಹುಲುಗಪ್ಪ ಎರಡು ದಿನ ಮೊದಲೇ ಹೋಗಿ ಸಾಹುಕಾರನ ಮುಂದೆ ನಿಂತ.

"ಸಾವ್ಕಾರ್ರ, ಶಾಲು ಯಾರಿಗ್ರಿ?"

"ನಿನಗಲೇ. ಕೊಟ್ರಯ್ಯಗ."

"ಒಂದು ಮಾತು ಕೇಳ್ತೀನ್ರಿ. ಶಾಲು ಬ್ಯಾಡಾದ್ರ ಬಿಡ್ರಿ. ಮಂದಿ ಮುಂದ ಒಂದ್ಸಲ ಹುಲುಗಪ್ಪ ಅಂತ ಕರೀರಿ. ಒಂದಾ ಸಲ. ಆಮ್ಯಾಲೆ ಸಾಯೂತನಕ ಕೊಟ್ರಯ್ಯನಾಗೇ ಇರ್ತೀನಿ."

"ನೋಡೂಣು" ಅಂದ ತೋಟಪ್ಪ.

ಸಾಹುಕಾರರ ನೋಡೋಣ ಎಂದರೆ ಏನೆಂದು ಹುಟ್ಟಿದ ಕೂಸಿಗೂ ಗೊತ್ತು. ಹುಲುಗಪ್ಪನಿಗೂ ಗೊತ್ತು. ಆದರೂ ಮನೆಗೆ ಹೋಗಿ ಭರಮಮ್ಮನಿಗೆ, "ಹೆಸರು ಕರೀತಾರಂತ" ಅಂದ. ಅವಳು ಪೆಟ್ಟಿಗೆಯಿಂದ ಮದುವೆಯ ಸೀರೆ ತೆಗೆದಳು.

ಹಬ್ಬದ ದಿನ ಏಳೂ ಲಾರಿ ತೊಳೆದು ನಿಂತಿದ್ದವು. ಮೊದಲ ಗಾಡಿ ಗೇಟಿನ ಬಾಯಲ್ಲಿ, ಬೊಂಬಾಯಿ ಲೋಡು ಹೊತ್ತುಕೊಂಡು, ಮುಖವನ್ನು ರಸ್ತೆಗೆ ಮಾಡಿ. ಗೊನೆಗಳು ಹಿಂದಿನ ದಿನವೇ ಏರಿದ್ದವು. ಹಬ್ಬದ ಸುಡು ಬಿಸಿಲು. ಬಣ್ಣ ತಿರುಗುವ ಮೊದಲು ಗೊನೆ ಬೊಂಬಾಯಿ ಮುಟ್ಟಬೇಕು. ಪೂಜೆಯ ಅಯ್ಯನವರು ಸ್ಟೇರಿಂಗಿಗೆ ಚೆಂಡುಹೂವಿನ ಹಾರ ಹಾಕಿದರು, ಸೀಟಿಗೆ ವಿಭೂತಿ ಹಚ್ಚಿದರು, ಕುಂಬಳಕಾಯಿ ಒಡೆದರು. ಪೆಂಡಾಲಿನ ಒಳಗೆ ಕುರ್ಚಿಗಳು. ಪೆಂಡಾಲಿನ ಹೊರಗೆ, ಲೋಟದ ಬೇವಿನ ಮರದ ಕೆಳಗೆ, ಇಸ್ತ್ರಿ ಅಂಗಿ ತೊಟ್ಟ ಹುಲುಗಪ್ಪ. ತಂತಿ ಬೇಲಿಯ ಆಚೆ ಭರಮಮ್ಮ.

ತೋಟಪ್ಪ ಮೈಕು ಹಿಡಿದ. "ನಮ್ಮ ಕಂಪನಿಯ ಕಣ್ಣು, ಕೊಟ್ರಯ್ಯನವರು, ಇವರನ್ನ ಈಗ..."

ಹುಲುಗಪ್ಪ ಮುಂದೆ ಹೆಜ್ಜೆ ಇಟ್ಟ. ಸಾಹುಕಾರನ ತಮ್ಮ ಕೋಲು ಅಡ್ಡ ಹಿಡಿದ.

"ಎಲ್ಲಿಗಲೇ?"

"ಶಾಲಿಗ್ರಿ. ಕರದ್ರಲ್ಲ."

"ಕರದದ್ದು ಕೊಟ್ರಯ್ಯನ್ನ. ನೀ ನೆಲದ ಮ್ಯಾಲೆ ಅದೀಯಲ್ಲ."

ಸರಿ ಎಂದು ಹುಲುಗಪ್ಪ ಗಾಡಿಯ ಕಡೆ ತಿರುಗಿದ. ಫುಟ್‌ಬೋರ್ಡಿಗೆ ಕಾಲೆತ್ತಿದ. ಈ ಸಲ ಅಯ್ಯನವರೇ ಕೂಗಿದರು, "ಏ ಏ, ಹತ್ತಬ್ಯಾಡ. ಈಗ ಪೂಜೆ ಆಗೈತಿ. ಹೊತ್ತು ಮುಳುಗೋತನಕ ಗಾಡಿ ಮಡಿ."

ಎತ್ತಿದ ಕಾಲು ಗಾಳಿಯಲ್ಲೇ ಉಳಿಯಿತು. ನೆಲದ ಮೇಲೆ ನಿಂತರೆ ಅವನು ಕೊಟ್ರಯ್ಯನಲ್ಲ. ಗಾಡಿ ಹತ್ತಿದರೆ ಅದು ಮೈಲಿಗೆ. ಈ ಭೂಮಿಯ ಮೇಲೆ ಅವನು ಕಾಲಿಡಬಹುದಾದ ಜಾಗ ಎಲ್ಲಿದೆ ಎಂದು ಯಾರೂ ಹೇಳಲಿಲ್ಲ.

ಬಳ್ಳಾರಿಯವರು ಶಾಲು ಹಿಡಿದು, "ಎಲ್ಲದಾರ್ರೀ ಅವರು?" ಅಂದರು.

"ಅವರು ಗಾಡಿ ಬಿಟ್ಟು ಇಳಿಯೂದಿಲ್ರಿ" ಅಂದ ತೋಟಪ್ಪ. ಅವರನ್ನು ಗಾಡಿಯ ಹತ್ತಿರ ಕರೆದೊಯ್ದ. ಅವರು ಕಿಟಕಿಯೊಳಗೆ ಕೈ ಹಾಕಿ ಸ್ಟೇರಿಂಗಿಗೆ ಶಾಲು ಹೊದಿಸಿದರು. ಖಾಲಿ ಸೀಟಿಗೆ ಕೈ ಮುಗಿದರು. ಚಪ್ಪಾಳೆ ಬಿತ್ತು. ಫೋಟೋ ತೆಗೆದರು. ಬಳ್ಳಾರಿಯವರು ಜಿಲೇಬಿ ತಿಂದು ಕಾರು ಹತ್ತಿ ಹೋದರು.

ಭರಮಮ್ಮ ಬೇಲಿಯ ಆಚೆಯಿಂದ ಗಂಡನನ್ನೇ ನೋಡುತ್ತಿದ್ದಳು. ಸೆರಗು ಬಿಗಿದು ಕಟ್ಟಿಕೊಂಡು ಮನೆಯ ಕಡೆ ನಡೆದಳು.

ಕಾರಿನ ಧೂಳು ಅಡಗುವ ಮೊದಲೇ ತೋಟಪ್ಪನಿಗೆ ಬಾಳೆಗೊನೆಯ ನೆನಪಾಯಿತು. ಅಯ್ಯನವರ ಕಿವಿಯಲ್ಲಿ ಏನೋ ಅಂದ. ಅಯ್ಯನವರು ಎರಡು ಹನಿ ನೀರು ಚಿಮುಕಿಸಿ, ಮಡಿ ಮುಗಿಯಿತು ಅಂದರು. ಮಡಿಗೂ ಬಾಳೆಹಣ್ಣಿಗೂ ಜಗಳ ಬಿದ್ದರೆ ಗೆಲ್ಲುವುದು ಬಾಳೆಹಣ್ಣು.

"ಹತ್ತಪ್ಪ ಕೊಟ್ರಯ್ಯ, ಹೊತ್ತಾತು."

ಗೇಟಿನ ಬಾಯಲ್ಲಿ ಗಾಡಿಯ ಮುಂದೆ ನಿಂತಿದ್ದ ಹುಲುಗಪ್ಪ ಅಲುಗಲಿಲ್ಲ.

"ಕೊಟ್ರಯ್ಯ, ನಿನಗಾ ಹೇಳೂದು."

"ನಾ ನೆಲದ ಮ್ಯಾಲೆ ಅದೀನ್ರಿ" ಅಂದ ಹುಲುಗಪ್ಪ. "ನೆಲದ ಮ್ಯಾಲೆ ಇದ್ರ ನಾ ಹುಲುಗ್ಯಾ. ಹುಲುಗ್ಯಾಗ ನಿಮ್ಮ ಕಂಪನ್ಯಾಗ ಕೆಲಸ ಇಲ್ಲ. ಕೊಟ್ರಯ್ಯ ಅಲ್ಲೇ ಸೀಟಿನ್ಯಾಗ ಅದಾನ, ಈಗ ಶಾಲು ಹೊದ್ಕೊಂಡ. ಅವಗ ಹೇಳ್ರಿ."

"ಚಾಷ್ಟಿ ಮಾಡಬ್ಯಾಡ. ಹತ್ತು."

"ಹತ್ತೂದಿಲ್ಲ."

ಒಂದೇ ಪದ. ಹತ್ತು ವರ್ಷ ಆ ಒಂದು ಪದ ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು. ಹೊರಗೆ ಬಂದಾಗ ದನಿಯೇನೂ ಏರಿರಲಿಲ್ಲ.

ತೋಟಪ್ಪ ಉಳಿದ ಡ್ರೈವರುಗಳ ಕಡೆ ತಿರುಗಿದ. "ಕೆಂಚಣ್ಣ, ನೀ ಹತ್ತು. ಇವತ್ತಿಂದ ನೀ ಕೊಟ್ರಯ್ಯ."

ಕೆಂಚಣ್ಣ ಎರಡೂ ಕೈ ಮುಗಿದ. "ಬ್ಯಾಡ್ರಿ ಸಾವ್ಕಾರ್ರ. ನಾ ಕೆಂಚಣ್ಣಾಗೇ ಇರ್ತೀನಿ. ಆ ಗಾಡಿ ಹತ್ತಿದ್ರ ಅಪ್ಪ ಸತ್ತರೂ ಸತ್ತಂಗಲ್ಲ."

ಉಳಿದವರು ತಮ್ಮ ತಮ್ಮ ಗಾಡಿಗಳ ಟೈರು ನೋಡತೊಡಗಿದರು. ಆ ಗಾಡಿಗಳೂ ಹೊರಡುವಂತಿರಲಿಲ್ಲ. ಗೇಟಿನ ಬಾಯಲ್ಲಿ ಶಾಲು ಹೊದ್ದ ಕೊಟ್ರಯ್ಯ ಅಡ್ಡ ನಿಂತಿದ್ದ.

"ಎತ್ತಿ ಒಳಗ ಕುಂದ್ರಸ್ರಿ ಮಗನ್ನ" ಅಂದ ಸಾಹುಕಾರನ ತಮ್ಮ. ನಾಲ್ಕು ಜನ ನುಗ್ಗಿದರು. ಮಾರು ದೂರದಲ್ಲಿ ನಾಲ್ವರೂ ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಬ್ಬದ ದಿನ. ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ವಿಭೂತಿ ಧರಿಸಿದ್ದಾರೆ. ನೆಲದ ಮೇಲಿರುವವನು ಹುಲುಗ್ಯಾ. ಎತ್ತಬೇಕಾದರೆ ಮುಟ್ಟಬೇಕು. ಗಾಡಿಗೆ ಏರಿದ ಮೇಲೆ ಕೊಟ್ರಯ್ಯನಾಗುತ್ತಾನೆ ನಿಜ, ಆದರೆ ಏರಿಸುವ ತನಕ?

ಹುಲುಗಪ್ಪ ಅವರನ್ನೇ ನೋಡಿದ. ಹುಟ್ಟಿದಾಗಿನಿಂದ ಹೊಡೆದ ಮೈಲಿಗೆ ಇವತ್ತು ಮೊದಲ ಸಲ ಅವನ ಕಾವಲಿಗೆ ನಿಂತಿತ್ತು.

ಆಗ ಗಾದಿಲಿಂಗಪ್ಪನಿಗೆ ಹೊಳೆಯಿತು. "ಮಾವ, ಅವ ಗಾಡಿ ಹತ್ತವಲ್ಲ ಅಂದ್ರ ಗಾಡೀನಾ ಅವನ ಕಾಲ ಬುಡಕ್ಕ ತರೂಣು. ಫುಟ್‌ಬೋರ್ಡು ಕಾಲಿಗೆ ತಗಲಿದ್ರ ಮುಗೀತಲ್ಲ. ತಾನಾ ಕೊಟ್ರಯ್ಯ ಆಗ್ತಾನ."

ಇದು ಎಲ್ಲರಿಗೂ ಸರಿ ಕಂಡಿತು. ಅವರಿಗೆ ಸರಿ ಕಂಡಿತು ಎನ್ನುವುದೇ ನನ್ನ ಸಿಟ್ಟು.

ಸಾಹುಕಾರನ ತಮ್ಮಂದಿರು, ಬೀಗರು, ಗುಮಾಸ್ತರು, ಅಯ್ಯನವರು, ಜಿಲೇಬಿಗೆ ಬಂದ ವ್ಯಾಪಾರಸ್ಥರು, ಎಲ್ಲ ಸೇರಿ ಪಂಚೆ ಮೇಲೆ ಕಟ್ಟಿ ಗಾಡಿಗೆ ಹೆಗಲು ಕೊಟ್ಟರು. ಗಾದಿಲಿಂಗಪ್ಪ ಕಿಟಕಿಯಿಂದ ಕೈ ಹಾಕಿ ಬ್ರೇಕು ಬಿಟ್ಟ. ಶಾಲಿನ ಮೇಲಿಂದಲೇ ಸ್ಟೇರಿಂಗ್ ಹಿಡಿದು ಗಾಡಿಯ ಪಕ್ಕದಲ್ಲಿ ನಡೆದ. ತಪ್ಪಿಯೂ ಫುಟ್‌ಬೋರ್ಡಿಗೆ ಕಾಲಿಡಲಿಲ್ಲ. ಇಟ್ಟರೆ ತಾನೇ ಕೊಟ್ರಯ್ಯನಾಗಿ ಬೊಂಬಾಯಿಗೆ ಹೋಗಬೇಕಾದೀತೆಂಬ ಭಯ. ಗಾಡಿ ಕಿರ್ ಅಂದು ಅಲುಗಿತು. ಫುಟ್‌ಬೋರ್ಡು ಹುಲುಗಪ್ಪನ ಕಾಲಿನ ಕಡೆ ಬಂತು.

ಹುಲುಗಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ನೂಕ್ರಲೇ." ನೂಕಿದರು. ಅವನು ಮತ್ತೊಂದು ಹೆಜ್ಜೆ ಸರಿದ. ಹೀಗೆ ಗಾಡಿ ಗೇಟು ದಾಟಿತು. ರಸ್ತೆಗೆ ಬಂತು. ಶೆಡ್ಡಿನಿಂದ ಕಾಲುವೆಯ ಕಡೆಗೆ ರಸ್ತೆ ಸಣ್ಣಗೆ ಇಳಿಜಾರು. ಹುಲುಗಪ್ಪ ಗಾಡಿಗೆ ಮುಖ ಮಾಡಿ ಹಿಂದೆ ಹಿಂದೆ ನಡೆಯುತ್ತ ಹೋದ. ಗಾಡಿ ಅವನ ಬೆನ್ನು ಹತ್ತಿತು ಎನ್ನುವ ಹಾಗಿಲ್ಲ, ಅದು ಅವನ ಎದೆ ಹತ್ತಿತು. ಊರಿನ ದೊಡ್ಡವರೆಲ್ಲ ಬೆವರು ಸುರಿಸುತ್ತ, ಏದುಸಿರು ಬಿಡುತ್ತ, ತಮ್ಮ ಹುಟ್ಟಿನಲ್ಲಿ ಮೊದಲ ಸಲ ಲೋಡು ತಳ್ಳುತ್ತಿದ್ದರು. ಒಬ್ಬನ ಅಂಗೈ ಸುಲಿಯಿತು. ಒಬ್ಬನ ಪಂಚೆ ಚಕ್ರಕ್ಕೆ ಸಿಕ್ಕಿ ಹರಿಯಿತು. ಅಯ್ಯನವರಿಗೆ ಸೊಂಟ ಹಿಡಿಯಿತು.

"ಜರಾ ಎಡಕ್ಕ ತಿರುಗಿಸು ಗಾದಿಲಿಂಗಣ್ಣ" ಅಂದ ಹುಲುಗಪ್ಪ. "ಅಲ್ಲಿ ತೆಗ್ಗೈತಿ."

ಗಾದಿಲಿಂಗಪ್ಪ ತಿರುಗಿಸಿದ.

ಕಾಲುವೆಯ ಸೇತುವೆಯ ಮೇಲೆ ಮಿರ್ಚಿ ಕರಿಯುವ ಹುಸೇನಮ್ಮ ತೂತಿನ ಸಟ್ಟುಗ ಎತ್ತಿಕೊಂಡು ನಿಂತು ನೋಡಿದಳು.

"ಏನಾಗೈತ್ರೀ ಗಾಡಿಗೆ? ಕೆಟ್ಟೈತೇನು?"

"ಗಾಡಿ ಛಲೋ ಐತಿ. ಡ್ರೈವರ್ ಸತ್ತಾನ" ಅಂದ ತಳ್ಳುವವರಲ್ಲಿ ಒಬ್ಬ.

"ಅಯ್ಯ ಪಾಪ. ಯಾವಾಗ?"

"ಹನ್ನೊಂದು ವರ್ಷಾತು."

ಹುಸೇನಮ್ಮ ಅವನ ಮುಖ ನೋಡಿದಳು. ಗಾಡಿಯ ಮುಂದೆ ಹಿಂದಕ್ಕೆ ನಡೆಯುತ್ತಿದ್ದ ಹುಲುಗಪ್ಪನನ್ನು ನೋಡಿದಳು. ಅವನು ಹೌದೆಂದು ತಲೆ ಆಡಿಸಿದ. ಅವಳು ಮಿರ್ಚಿ ಮಗುಚಿ ಹಾಕಿದಳು.

ಸೇತುವೆ ದಾಟಿದರೆ ಕೇರಿ. ಕೇರಿಯ ಬಾಯಲ್ಲಿ ಒಂದು ಗಡಿಕಲ್ಲು. ಕಲ್ಲು ಬಂತು. ತಳ್ಳುವವರು ನಿಂತರು. ಹಬ್ಬದ ದಿನ ಕೇರಿಯೊಳಗೆ ಹೇಗೆ ಕಾಲಿಡುವುದು? ಎಲ್ಲ ಒಟ್ಟಿಗೇ ಕೈ ಬಿಟ್ಟರು. ಗಾದಿಲಿಂಗಪ್ಪನೂ ಸ್ಟೇರಿಂಗ್ ಬಿಟ್ಟ.

ಗಾಡಿಗೆ ಜಾತಿ ಇಲ್ಲ. ಇಳಿಜಾರು ಅಷ್ಟೇ ಅದಕ್ಕೆ ಗೊತ್ತು. ಅದು ಗಡಿಕಲ್ಲು ದಾಟಿ ಕೇರಿಯೊಳಗೆ ಇಳಿಯಿತು. ಹುಲುಗಪ್ಪ ಪಕ್ಕಕ್ಕೆ ಹಾರಿ, "ಸರೀರಿ, ಸರೀರಿ" ಎಂದು ಕೂಗುತ್ತ ಓಡಿದ. ಕೋಳಿಗಳು ಚೆದುರಿದವು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಗೋಡೆಗೆ ಆತುಕೊಂಡರು. ಗಾಡಿ ಯಾರನ್ನೂ ಮುಟ್ಟದೆ, ಕೇರಿಯ ಬೀದಿಯನ್ನು ನೆಟ್ಟಗೆ ದಾಟಿ, ಆಚೆ ತುದಿಯ ಮಣ್ಣಿನ ದಿಬ್ಬಕ್ಕೆ ಮೂತಿ ಊರಿ ನಿಂತಿತು. ಶಾಲು ಸ್ಟೇರಿಂಗಿನಿಂದ ಜಾರಿ ಕೆಳಗೆ ಬಿತ್ತು. ದಿಬ್ಬ ಅಲುಗಲಿಲ್ಲ. ಉಚ್ಚೆಂಗಪ್ಪನ ತಲೆಯ ಮೇಲಿಂದ ಇಳಿದ ಮಣ್ಣು.

ತೋಟಪ್ಪ ಗಡಿಕಲ್ಲಿನ ಹತ್ತಿರ ನಿಂತು ಗಾಡಿಯನ್ನು ನೋಡಿದ. ಅವನ ಏಳು ಲಾರಿಯ ಮೊದಲ ಲಾರಿ, ಅವನ ಕಾಲ್ಗುಣ, ಅವನ ಬಾಳೆಗೊನೆ, ಎಲ್ಲ ಮಾದಿಗರ ಕೇರಿಯಲ್ಲಿ. ತಾನು ಒಳಗೆ ಹೋಗುವಂತಿಲ್ಲ. ಅದು ತಾನಾಗಿ ಹೊರಗೆ ಬರುವಂತಿಲ್ಲ. ಏರಿಗೆ ತಳ್ಳುವ ಕಸುವು ಯಾರಲ್ಲೂ ಉಳಿದಿರಲಿಲ್ಲ. ಇಂಜಿನ್ ಚಾಲೂ ಮಾಡಿ ರಿವರ್ಸ್ ಹಾಕಿ ಹತ್ತಿಸುವವನು ಒಬ್ಬನೇ.

"ಕೊಟ್ರಯ್ಯಾ" ಎಂದು ಕೂಗಿದ.

ಕೇರಿಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ಯಾರೂ ತಿರುಗಲಿಲ್ಲ. ಹುಲುಗಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಭರಮಮ್ಮ ಒಳಗಿನಿಂದ ಚರಿಗೆಯಲ್ಲಿ ನೀರು ತಂದುಕೊಟ್ಟಳು. ಅವನು ಕುಡಿದ.

"ಲೇ ಹುಲುಗ್ಯಾ."

ಅವನು ಚರಿಗೆ ಕೆಳಗಿಟ್ಟ. ಬಾಯಿ ಒರೆಸಿಕೊಂಡ.

ಬಿಸಿಲು ಏರಿತು. ಮುಚ್ಚಿದ ಬಾಳೆ ಎಲೆಗಳು ಬಾಡಿ ಸುರುಟಿದವು. ಗೊನೆಯ ವಾಸನೆ ಮೆಲ್ಲಗೆ ಕೇರಿಯ ತುಂಬ ಹರಡತೊಡಗಿತು. ಗಾದಿಲಿಂಗಪ್ಪ ಮಾವನ ಕಿವಿಯ ಹತ್ತಿರ ಬಾಗಿ, "ಪೂರಾ ಹೆಸರು ಕರೀರಿ ಮಾವ. ಇಲ್ಲಂದ್ರ ಅವ ಏಳೂದಿಲ್ಲ" ಅಂದ.

ತೋಟಪ್ಪ ಸುತ್ತಲೂ ನೋಡಿದ. ಅವನ ಬೀಗರು, ಅಯ್ಯನವರು, ವ್ಯಾಪಾರಸ್ಥರು, ಕೇರಿಯ ಮಂದಿ, ಸೇತುವೆಯ ಮೇಲಿನ ಹುಸೇನಮ್ಮ, ಎಲ್ಲ ಕೇಳುತ್ತಿದ್ದರು.

"ಹುಲುಗಪ್ಪ" ಎಂದು ಕರೆದ. ಆಮೇಲೆ, ದನಿ ಸಾಲದೆಂದು, ಇನ್ನೊಮ್ಮೆ ಗಟ್ಟಿಯಾಗಿ. "ಹುಲುಗಪ್ಪಾ, ಬಾರಪ್ಪ."

ಭರಮಮ್ಮ ಬಾಗಿಲಲ್ಲಿ ನಿಂತು ಕೇಳಿದಳು. ಮದುವೆಯ ಸೀರೆ ಇನ್ನೂ ಉಟ್ಟೇ ಇದ್ದಳು.

ಹುಲುಗಪ್ಪ ಎದ್ದು ನಿಂತ. ಗಡಿಕಲ್ಲಿನ ಕಡೆ ತಿರುಗಿ ಹೇಳಿದ, "ಹುಲುಗಪ್ಪ ಇಲ್ರಿ."

"ಎದುರಿಗೆ ನಿಂತು ಇಲ್ಲ ಅಂತೀಯಲ್ಲೋ. ಎಲ್ಲಿ ಹೋಗ್ಯಾನ ಮತ್ತ?"

"ಅವರಪ್ಪ ತೀರ್ಕೊಂಡಾನ್ರಿ. ಮಣ್ಣಿಗೆ ಹೋಗ್ಯಾನ."

"ಯಾವಾಗ ಬರ್ತಾನ?"

"ಹೇಳಾಕ ಬರೂದಿಲ್ರಿ. ಭಾಳ ತಡ ಆಗೈತಿ."

ಅವನು ಅವರಿಗೆ ಬೆನ್ನು ಮಾಡಿ ದಿಬ್ಬದ ಕಡೆ ನಡೆದ. ಲಾರಿಯ ಮುಂದಿನ ಚಕ್ರದ ಪಕ್ಕದಲ್ಲೇ ಅಪ್ಪನ ಗುಂಡಿ. ಗಾಡಿ ಅದನ್ನು ತುಳಿದಿರಲಿಲ್ಲ. ಭರಮಮ್ಮ ಹಿಂದೆ ಬಂದು ನಿಂತಳು. ಹುಲುಗಪ್ಪ ಬಗ್ಗಿ ದಿಬ್ಬಕ್ಕೆ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಸ್ಟೇರಿಂಗ್ ಹಿಡಿದು ಹಿಡಿದು ಬಾಗಿದ ಬೆರಳುಗಳು. ಒಂದು ಹರಳೂ ಸೋರಲಿಲ್ಲ.